ಒಬ್ಬರು ಎದ್ದರೆ ಇಬ್ಬರ ಕುರ್ಚಿಯೂ ಖಾಲಿ

ನಮ್ಮಲ್ಲಿ ಉಪಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಮುಖ್ಯಮಂತ್ರಿಯ ಹುದ್ದೆಗೆ ಬಾಧೆಯಿಲ್ಲ. ಸಂವಿಧಾನದಲ್ಲಿ ಉಪಮುಖ್ಯಮಂತ್ರಿ ಎಂಬ ಹುದ್ದೆಯ ಪ್ರಸ್ತಾಪವೇ ಇಲ್ಲ. ಬ್ರಿಟನ್ನಿನ ಆಳ್ವಿಕೆಗೆ ಒಳಪಟ್ಟ ಉತ್ತರ ಐರ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿನ ಪ್ರಥಮ ಸಚಿವರಿಗೂ ಉಪ ಪ್ರಥಮ ಸಚಿವರಿಗೂ ಅಧಿಕಾರ ಸರಿಸಮಾನ. ಒಬ್ಬರು ಹುದ್ದೆ ತೊರೆದರೆ ಇನ್ನೊಬ್ಬರ ಹುದ್ದೆಯೂ ಅದರೊಂದಿಗೇ ಹೋಗುತ್ತದೆ. 1999ರ ಡಿಸೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡ ಬೆಲ್‌ಫಾಸ್ಟಿನ ಈ ಸರ್ಕಾರ, ಮೊದಲ ಕಾಲು ಶತಮಾನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಾಲ ಪೂರ್ಣ ಪ್ರಮಾಣದಲ್ಲಿ ಅಸ್ತಿತ್ವದಲ್ಲಿಯೇ ಇರಲಿಲ್ಲ.

ಇಂಥ ವಿಚಿತ್ರ ವ್ಯವಸ್ಥೆಯನ್ನು ಯಾರೂ ಹುಡುಗಾಟಕ್ಕೆ ರೂಪಿಸಲಿಲ್ಲ. 1921ರಿಂದ 1972ರವರೆಗೆ ಅಲ್ಲಿ ಇದ್ದದ್ದು ಬಹುಮತದ ಆಡಳಿತವೇ. ಬ್ರಿಟನ್ನಿನೊಂದಿಗೇ ಉಳಿಯಬಯಸುವ ಯೂನಿಯನಿಸ್ಟರ ಒಂದೇ ಪಕ್ಷ ಐದು ದಶಕ ಆಳಿತು. ಮನೆ, ನೌಕರಿ, ಸ್ಥಳೀಯ ಮತದಾನ ಎಲ್ಲದರಲ್ಲೂ ಕ್ಯಾಥೊಲಿಕರು ಹಿಂದೆ ಬಿದ್ದರು. ಬಳಿಕ ಬಂದ ಮೂರು ದಶಕಗಳ ಹಿಂಸೆಯಲ್ಲಿ ಸುಮಾರು 3,500 ಮಂದಿ ಸತ್ತರು. 1998ರ ಏಪ್ರಿಲ್ 10ರ ಶಾಂತಿ ಒಪ್ಪಂದ ಬರಿಯ ತಲೆಯೆಣಿಕೆಯನ್ನು ನಂಬದಿರುವುದು ಆ ಕಾರಣಕ್ಕೆ.

ಆಯ್ಕೆಯಾದ ಪ್ರತಿ ಸದಸ್ಯನೂ ತಾನು ಯೂನಿಯನಿಸ್ಟನೋ, ರಾಷ್ಟ್ರೀಯವಾದಿಯೋ, ‘ಇತರ’ನೋ ಎಂದು ದಾಖಲಿಸಬೇಕು. ಬಹುತೇಕ ಖಾತೆಗಳು ಸ್ಥಾನಬಲದ ಸೂತ್ರದ ಪ್ರಕಾರ ಪಕ್ಷಗಳಿಗೆ ತಾವಾಗಿಯೇ ಹಂಚಿಕೆಯಾಗುತ್ತವೆ. (ರೆಸಾರ್ಟ್ ರಾಜಕಾರಣಕ್ಕೆ ಅಲ್ಲಿ ಕೆಲಸವಿಲ್ಲ.) ಮುಖ್ಯ ನಿರ್ಣಯಗಳಿಗೆ ಎರಡೂ ಬಣಗಳ ಸಮ್ಮತಿ ಬೇಕು. 30 ಸದಸ್ಯರು ಅರ್ಜಿಗೆ ಸಹಿ ಹಾಕಿದರೆ ಸಾಧಾರಣ ನಿರ್ಣಯವೂ ಇದೇ ಪರೀಕ್ಷೆಗೆ ಒಳಪಡಬೇಕು. 2015ರ ನವೆಂಬರ್‌ನಲ್ಲಿ ಸಲಿಂಗ ವಿವಾಹದ ಪರವಾದ ನಿರ್ಣಯಕ್ಕೆ ಬಹುಮತ ದೊರೆತರೂ ಅದು ಬಿದ್ದುಹೋದದ್ದು ಹೀಗೆ. ಅಲ್ಪಸಂಖ್ಯಾತರ ರಕ್ಷಣೆಗೆಂದು ಹುಟ್ಟಿದ ಅಸ್ತ್ರ ಯಾರ ಮೇಲೆ ಪ್ರಯೋಗವಾಯಿತು ನೋಡಿ!

ವ್ಯವಸ್ಥೆ ಕುಸಿದ ಪ್ರಸಂಗಗಳಲ್ಲಿ 2017ರದು ಅಧ್ಯಯನಯೋಗ್ಯ. ಮರದ ಉಂಡೆ ಉರಿಸುವ ಬಾಯ್ಲರುಗಳಿಗೆ ಪ್ರೋತ್ಸಾಹಧನ ನೀಡುವ ಯೋಜನೆ 2012ರಲ್ಲಿ ಆರಂಭವಾಗಿತ್ತು. ಇಂಧನಕ್ಕೆ ತಗಲುವ ವೆಚ್ಚಕ್ಕಿಂತ ಸಿಗುವ ಸಹಾಯಧನವೇ ಹೆಚ್ಚು, ಅದಕ್ಕೊಂದು ಮಿತಿಯೂ ಇಲ್ಲ. ಹೆಚ್ಚು ಉರಿಸಿದಷ್ಟೂ ಹೆಚ್ಚು ಲಾಭ! ಯೋಜನೆ ಜಾರಿಯಾದಾಗ ಆ ಇಲಾಖೆಯ ಸಚಿವೆಯಾಗಿದ್ದ ಅರ್ಲೀನ್ ಫಾಸ್ಟರ್ ಅಷ್ಟರಲ್ಲಿ ಪ್ರಥಮ ಸಚಿವೆಯಾಗಿದ್ದರು. ತನಿಖೆ ಮುಗಿಯುವವರೆಗೆ ಬದಿಗೆ ಸರಿಯಲು ಅವರು ಒಪ್ಪಲಿಲ್ಲ. ಸಿನ್ ಫೇನ್ ಪಕ್ಷದ ಮಾರ್ಟಿನ್ ಮೆಕ್‌ಗಿನ್ನಿಸ್ 2017ರ ಜನವರಿಯಲ್ಲಿ ಉಪ ಪ್ರಥಮ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು; ಸರ್ಕಾರ ಬಿತ್ತು. 2020ರಲ್ಲಿ ಬಂದ ತನಿಖಾ ವರದಿ ಹೇಳಿದ್ದು, ಅನಾಹುತಕ್ಕೆ ಮೂಲ ಭ್ರಷ್ಟಾಚಾರವಲ್ಲ, ಅಸಾಮರ್ಥ್ಯ ಮತ್ತು ಅಸಡ್ಡೆ ಎಂದು.

ಮುಂದಿನ ಮೂರು ವರ್ಷ ಸಚಿವರೇ ಇರಲಿಲ್ಲ. ನಮ್ಮಲ್ಲಾದರೆ ರಾಷ್ಟ್ರಪತಿ ಆಳ್ವಿಕೆ ಬರುತ್ತಿತ್ತು. ಲಂಡನ್ ನೇರ ಆಡಳಿತ ಹೇರಲು ಮನಸ್ಸು ಮಾಡದೆ ಹೊಣೆಯನ್ನು ಅಧಿಕಾರಿಗಳಿಗೆ ಬಿಟ್ಟಿತು. ಬೆಲ್‌ಫಾಸ್ಟ್ ಸಮೀಪ ಕಸ ಸುಡುವ ಘಟಕವೊಂದಕ್ಕೆ ಹಿರಿಯ ಅಧಿಕಾರಿಯೊಬ್ಬರು ಅನುಮತಿ ಕೊಟ್ಟಾಗ, ಸಚಿವರಿಲ್ಲದೆ ಅಂಥ ನಿರ್ಧಾರ ಮಾಡುವ ಅಧಿಕಾರ ಅವರಿಗಿಲ್ಲವೆಂದು 2018ರಲ್ಲಿ ನ್ಯಾಯಾಲಯ ರದ್ದುಮಾಡಿತು. 2019ರ ಡಿಸೆಂಬರ್‌ನಲ್ಲಿ ವೇತನಕ್ಕಾಗಿ ದಾದಿಯರು ಮುಷ್ಕರ ಹೂಡಿದಾಗ ಅಹವಾಲು ಕೇಳಲು ಆರೋಗ್ಯ ಸಚಿವರೇ ಇರಲಿಲ್ಲ. ಬಣಗಳ ಜಗಳದ ದಂಡವನ್ನು ತೆತ್ತವರು ಆಸ್ಪತ್ರೆಯ ಸರದಿಯಲ್ಲಿ ನಿಂತವರು.

2022ರ ಫೆಬ್ರುವರಿಯಲ್ಲಿ ಸರದಿ ಡಿಯುಪಿಯದು. ಬ್ರೆಕ್ಸಿಟ್ ನಂತರ ಐರಿಷ್ ಸಮುದ್ರದಲ್ಲಿ ಬಂದ ಸರಕು ತಪಾಸಣೆಯನ್ನು ವಿರೋಧಿಸಿ ಅದು ಹೊರನಡೆಯಿತು. ಮೇ ತಿಂಗಳ ಚುನಾವಣೆಯಲ್ಲಿ ಸಿನ್ ಫೇನ್ 27, ಡಿಯುಪಿ 25 ಸ್ಥಾನ ಗೆದ್ದವು. ಆದರೆ ಸಭಾಧ್ಯಕ್ಷರ ಆಯ್ಕೆಗೂ ಎರಡೂ ಬಣಗಳ ಒಪ್ಪಿಗೆ ಬೇಕಾದ್ದರಿಂದ ಶಾಸನಸಭೆ ಕಲಾಪವನ್ನೇ ನಡೆಸಲಾಗಲಿಲ್ಲ. 2024ರ ಫೆಬ್ರುವರಿ 3ರಂದು ಮಿಶೆಲ್ ಓ’ನೀಲ್ ಆ ನಾಡಿನ ಮೊದಲ ರಾಷ್ಟ್ರೀಯವಾದಿ ಪ್ರಥಮ ಸಚಿವೆಯಾದರು.

ಅಧಿಕಾರ ಹಂಚಿಕೆಯ ತತ್ತ್ವ ತಪ್ಪೆಂದು ಇದರಿಂದ ಹೇಳಲಾಗದು. ತಪ್ಪಿರುವುದು, ಗೈರುಹಾಜರಿಯನ್ನೇ ವೀಟೊ ಆಗಿಸಿದ ನಿಯಮದಲ್ಲಿ. 2022ರಲ್ಲಿ 90 ಸ್ಥಾನಗಳ ಪೈಕಿ 17 ಗೆದ್ದ ಅಲಯನ್ಸ್ ಪಕ್ಷ ಎರಡೂ ಬಣಕ್ಕೆ ಸೇರದ್ದು. ಹೀಗಾಗಿ ಬಣಗಳ ಸಮ್ಮತಿ ಎಣಿಸುವಾಗ ಅದರ ಮತಗಳಿಗೆ ಅಷ್ಟು ತೂಕವಿಲ್ಲ. ದೊಡ್ಡ ಪಕ್ಷವೊಂದು ಹುದ್ದೆ ನಿರಾಕರಿಸಿದರೆ ಅದು ಮುಂದಿನ ಪಕ್ಷಕ್ಕೆ ಹೋಗಲಿ ಎಂಬ ವಾದ ನ್ಯಾಯವಾದದ್ದೇ. ಅದಕ್ಕೆ 1998ರ ಕಾಯ್ದೆಯನ್ನು ಲಂಡನ್ನಿನ ಸಂಸತ್ತು ತಿದ್ದಬೇಕು.