ಎರಡು ಕಾಯಿಲ್, ನಾಲ್ಕು ಗೇರು

ಅಮೆರಿಕದಲ್ಲಿ ಈಗಲೂ ಓಡಾಡುತ್ತಿರುವ ತೊಂಬತ್ತರ ದಶಕದ ಒಂದು ಷೆವ್ರೊಲೆ ಪಿಕಪ್. ಲಿವರನ್ನು 'ಡಿ'ಗೆ ತಂದು ಆಕ್ಸಿಲರೇಟರ್ ತುಳಿದರೆ ಬಂಡಿ ಹೊರಡುತ್ತದೆ, ಆದರೆ ತ್ರಾಣವಿಲ್ಲ. ಒಂದನೇ ಗೇರು ಬೀಳುವುದೇ ಇಲ್ಲ, ಎರಡರಲ್ಲೇ ಹೊರಟು ಆಮೇಲೆ ಮೂರಕ್ಕೆ ಹೋಗಿ ಅಲ್ಲಿಗೇ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಎಷ್ಟು ಓಡಿಸಿದರೂ ನಾಲ್ಕು ಬರುವುದಿಲ್ಲ. ಒಂದು ಬೋಲ್ಟನ್ನೂ ಬಿಚ್ಚುವ ಮೊದಲೇ, ಇಷ್ಟು ಕೇಳಿಸಿಕೊಂಡ ಅನುಭವಿ ಮೆಕ್ಯಾನಿಕ್ ದೋಷ ಯಾವ ಸೊಲೆನಾಯ್ಡ್‌ನ ದಾರಿಯಲ್ಲಿದೆ ಎಂದು ಹೇಳಿಬಿಡಬಲ್ಲ. ಇದರಲ್ಲಿ ಮಂತ್ರವೇನಿಲ್ಲ, ಶುದ್ಧ ತರ್ಕ.

ಆ ಪಿಕಪ್‌ನೊಳಗಿರುವುದು ಜನರಲ್ ಮೋಟರ್ಸ್ 1993ರಲ್ಲಿ ತಂದ 4ಎಲ್60-ಇ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಕೊನೆಯ 'ಇ' ಎಲೆಕ್ಟ್ರಾನಿಕ್ ಎಂಬುದರ ಗುರುತು. ಸಾಂಪ್ರದಾಯಿಕ ಆಟೋಮ್ಯಾಟಿಕ್‌ಗಳಂತೆ ಇದರಲ್ಲೂ ಗೇರು ಬದಲಾಯಿಸುವ ಶಕ್ತಿ ಎಣ್ಣೆಯ ಒತ್ತಡದ್ದು. ಯಾವ ಕ್ಲಚ್ಚಿಗೆ ಎಣ್ಣೆ ನುಗ್ಗಬೇಕು ಎಂದು ನಿರ್ಧರಿಸುವ ವಾಲ್ವುಗಳನ್ನು ಮಾತ್ರ ವಿದ್ಯುತ್ತು ಆಡಿಸುತ್ತದೆ. ಸೊಲೆನಾಯ್ಡ್ ಎಂದರೆ ತೆಳ್ಳನೆಯ ತಾಮ್ರದ ತಂತಿಯ ಸುರುಳಿ, ನಡುವೆ ಒಂದು ಕಬ್ಬಿಣದ ಕಡ್ಡಿ, ಅದನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗು. ಕರೆಂಟು ಹರಿದರೆ ಕಡ್ಡಿ ಸರಿದು ಎಣ್ಣೆಯ ಒಂದು ಕಿಂಡಿ ಮುಚ್ಚುತ್ತದೆ, ನಿಂತರೆ ತೆರೆಯುತ್ತದೆ.

ಗೇರು ಆರಿಸುವ ಸೊಲೆನಾಯ್ಡ್‌ಗಳು ಇಲ್ಲಿ ಎರಡೇ. ಎ ಮತ್ತು ಬಿ ಎನ್ನೋಣ. ಎರಡೂ ಆನ್ ಇದ್ದರೆ ಒಂದನೇ ಗೇರು. ಎ ಆಫ್, ಬಿ ಆನ್ ಆದರೆ ಎರಡು. ಎರಡೂ ಆಫ್ ಆದರೆ ಮೂರು. ಎ ಆನ್, ಬಿ ಆಫ್ ಆದರೆ ನಾಲ್ಕು. ಈಗ ಎ ಸೊಲೆನಾಯ್ಡ್‌ಗೆ ಕರೆಂಟೇ ಹೋಗುತ್ತಿಲ್ಲ ಎಂದುಕೊಳ್ಳಿ. ಬಂಡಿಯ ಕಂಪ್ಯೂಟರ್ ಒಂದನೇ ಗೇರು ಕೇಳಿದಾಗ ಸಿಗುವುದು ಎ ಆಫ್, ಬಿ ಆನ್, ಅಂದರೆ ಎರಡು. ನಾಲ್ಕು ಕೇಳಿದಾಗ ಎರಡೂ ಆಫ್, ಅಂದರೆ ಮೂರು. ಒಂದು-ಎರಡು-ಮೂರು-ನಾಲ್ಕರ ಬದಲು ಎರಡು-ಎರಡು-ಮೂರು-ಮೂರು. ನಮ್ಮ ಪಿಕಪ್‌ನ ಕಥೆ ಅದೇ. ಸತ್ತಿರುವುದು ಬಿ ಆಗಿದ್ದರೆ ಕ್ರಮ ಇನ್ನೂ ವಿಚಿತ್ರ: ನಾಲ್ಕು-ಮೂರು-ಮೂರು-ನಾಲ್ಕು. ಕಂಪ್ಯೂಟರ್ ಮೊದಲೇ ಎಚ್ಚೆತ್ತು ಮೂರರಲ್ಲಿ ಕಟ್ಟಿಹಾಕದಿದ್ದರೆ, ಬಂಡಿ ನಿಂತಲ್ಲಿಂದ ನಾಲ್ಕನೇ ಗೇರಿನಲ್ಲಿ ಹೊರಡಲು ಒದ್ದಾಡುತ್ತದೆ.

ಎರಡೂ ಆಫ್ ಆದಾಗ ಮೂರು ಎಂಬ ಏರ್ಪಾಡು ಬೇಕೆಂದೇ ಮಾಡಿದ್ದು. ದಾರಿ ಮಧ್ಯೆ ಫ್ಯೂಸ್ ಹಾರಿದರೂ, ಕಂಪ್ಯೂಟರ್ ಸತ್ತರೂ, ಮೂರನೇ ಗೇರಿನಲ್ಲಿ ತೆವಳಿಕೊಂಡಾದರೂ ಮನೆ ಸೇರಬಹುದು. ಮರ್ಸಿಡಿಸ್‌ನ 722.6 ಗೇರ್‌ಬಾಕ್ಸ್ ಇಂಥ ಆಪತ್ತಿಗೆ ಎರಡನೇ ಗೇರನ್ನು ಉಳಿಸಿಕೊಂಡಿದೆ. 'ಲಿಂಪ್ ಮೋಡ್' ಅನ್ನುವುದು ಇದಕ್ಕೇ. ಗೇರ್‌ಬಾಕ್ಸ್ ಹಾಳಾಯಿತು ಎಂದು ಎಷ್ಟೋ ಜನ ಎದೆ ಒಡೆದುಕೊಳ್ಳುವುದು ಈ ಸ್ಥಿತಿಯಲ್ಲೇ. ನಿಜಕ್ಕೂ ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ.

ತರ್ಕದಿಂದ ದೋಷದ ದಾರಿ ಸಿಕ್ಕಿತು. ಆ ದಾರಿಯಲ್ಲಿ ಕೆಟ್ಟಿರುವುದು ಏನು? ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. 1996ರಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆ ಓಬಿಡಿ-2 ಎಂಬ ದೋಷಪತ್ತೆ ವ್ಯವಸ್ಥೆ ಕಡ್ಡಾಯವಾಗಿ, ಸ್ಕ್ಯಾನರ್ ಹಚ್ಚಿದರೆ ಪಿ0753 ಎಂಬಂಥ ಕೋಡ್ ಓದಲು ಸಿಗುತ್ತದೆ. 'ಶಿಫ್ಟ್ ಸೊಲೆನಾಯ್ಡ್ ಎ, ಎಲೆಕ್ಟ್ರಿಕಲ್' ಎಂದು ಅದರ ವಿವರಣೆ. ಸೊಲೆನಾಯ್ಡ್ ಎಂಬ ಹೆಸರು ಕಂಡಿತಲ್ಲ, ತಕ್ಷಣ ಹೊಸ ಸೊಲೆನಾಯ್ಡ್ ತರಿಸಿಬಿಡುತ್ತಾರೆ. ಕೋಡ್ ದೂರುತ್ತಿರುವುದು ಆ ಬಿಡಿಭಾಗವನ್ನಷ್ಟೇ ಅಲ್ಲ. ಫ್ಯೂಸ್, ತಂತಿ, ಕಪ್ಲರ್, ಕಾಯಿಲ್, ಮತ್ತೆ ತಂತಿ, ಕಂಪ್ಯೂಟರ್ ಒಳಗಿನ ಟ್ರಾನ್ಸಿಸ್ಟರ್ ಎಲ್ಲ ಸೇರಿದ ಇಡೀ ಸರ್ಕಿಟ್ಟನ್ನು.

ಕಂಪ್ಯೂಟರಿಗೆ ಸರ್ಕಿಟ್ಟಿನ ದೋಷ ಗೊತ್ತಾಗುವ ರೀತಿ ಸೊಗಸಾಗಿದೆ. ಕಾಯಿಲ್‌ನ ಒಂದು ತುದಿಗೆ ಇಗ್ನಿಷನ್ ಆನ್ ಇರುವಷ್ಟು ಹೊತ್ತೂ 12 ವೋಲ್ಟ್ ಇರುತ್ತದೆ. ಇನ್ನೊಂದು ತುದಿ ಕಂಪ್ಯೂಟರಿಗೆ ಹೋಗಿದೆ. ಅದು ಆ ತುದಿಯನ್ನು ಅರ್ಥ್‌ಗೆ ಕೂಡಿಸಿದಾಗ ಸೊಲೆನಾಯ್ಡ್ ಆನ್. ಹಾಗಾಗಿ ಆಫ್ ಇದ್ದಾಗ ಆ ಪಿನ್ನಿನಲ್ಲಿ, ಕಾಯಿಲ್ ಮೂಲಕ ಹಾದುಬಂದ 12 ವೋಲ್ಟ್ ಕಾಣಬೇಕು. ಸೊನ್ನೆ ಕಂಡರೆ ಎಲ್ಲೋ ತಂತಿ ತುಂಡಾಗಿದೆ, ಇಲ್ಲವೇ ಬಾಡಿಗೆ ತಾಗಿದೆ. ಆನ್ ಮಾಡಿದಾಗ ಸೊನ್ನೆಯ ಹತ್ತಿರ ಇಳಿಯಬೇಕು. ಇಳಿಯದೆ 12ರಲ್ಲೇ ನಿಂತರೆ ಲೈವ್ ತಂತಿಗೆ ಶಾರ್ಟ್. ಕಂಪ್ಯೂಟರಿಗೆ ಕಾಣುವುದು ಈ ಒಂದು ಪಿನ್ ಮಾತ್ರ.

ಇದೇ ಸೊಲೆನಾಯ್ಡ್‌ನ ಇನ್ನೊಂದು ಕೋಡ್ ಪಿ0751ರ ಸಂಗತಿ ಬೇರೆ. ಇಲ್ಲಿ ವಿದ್ಯುತ್ತಿನ ಲೆಕ್ಕವೆಲ್ಲ ಸರಿಯಿದೆ, ಆದರೆ ಕೇಳಿದ ಗೇರು ಬಂದಿಲ್ಲ. ಈ ಗೇರ್‌ಬಾಕ್ಸಿನ ಅನುಪಾತಗಳು 3.06, 1.63, 1.00 ಮತ್ತು 0.70. ಒಳಗೆ ಎಷ್ಟು ಸುತ್ತು, ಹೊರಗೆ ಎಷ್ಟು ಸುತ್ತು ಎಂದು ತಾಳೆ ಹಾಕಿ, 3.06 ಸಿಗಬೇಕಾದಲ್ಲಿ 1.63 ಸಿಕ್ಕರೆ ಕಂಪ್ಯೂಟರ್ ಈ ಕೋಡ್ ಬರೆದಿಡುತ್ತದೆ. ಕಸ ಸಿಕ್ಕಿಕೊಂಡ ವಾಲ್ವಿಗೆ ವೈರಿಂಗ್ ಹುಡುಕುತ್ತಾ ಕೂತರೆ ದಿನ ಹಾಳು.

ಪಿ0753 ಬಂದಾಗ ಮಲ್ಟಿಮೀಟರ್ ಕೈಗೆತ್ತಿಕೊಳ್ಳಬೇಕು. ಇಗ್ನಿಷನ್ ಆಫ್ ಮಾಡಿ, ಗೇರ್‌ಬಾಕ್ಸ್ ಮೈಮೇಲಿನ ಕಪ್ಲರ್ ಬಿಚ್ಚಿ, ಪಿನ್ನುಗಳ ನಡುವೆ ಓಮ್ ಅಳೆದರೆ ಈ ಸೊಲೆನಾಯ್ಡ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 19ರಿಂದ 24 ಓಮ್ ತೋರಿಸಬೇಕು. 100 ಡಿಗ್ರಿಯಲ್ಲಿ 24ರಿಂದ 31. ತಾಮ್ರ ಬಿಸಿಯಾದಂತೆ ಅದರ ರೋಧ ಡಿಗ್ರಿಗೆ ಸುಮಾರು ಶೇಕಡ 0.4ರಷ್ಟು ಏರುತ್ತದೆ. ಈಗಷ್ಟೇ ಓಡಿ ಬಂದ ಬಂಡಿಯಲ್ಲಿ 28 ಓಮ್ ನೋಡಿ 'ಕಾಯಿಲ್ ಹೋಗಿದೆ' ಅನ್ನುವವರು ತಣ್ಣಗಿನ ಲೆಕ್ಕವನ್ನು ಬಿಸಿ ಕಾಯಿಲ್‌ಗೆ ಹಚ್ಚುತ್ತಿರುತ್ತಾರೆ. ಮೀಟರ್ ಅನಂತ ತೋರಿಸಿದರೆ ತಂತಿ ಕಡಿದಿದೆ. ತೀರಾ ಕಡಿಮೆ ತೋರಿಸಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆ.

ಅಳತೆ ಸರಿ ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಓಮ್ ಮೀಟರ್ ಹರಿಸುವ ಕರೆಂಟು ಅತ್ಯಲ್ಪ, ಅದೂ ನಿಂತ ಬಂಡಿಯಲ್ಲಿ. ದೋಷವೋ ಬಿಸಿಯಲ್ಲಿ, ಅದುರಾಟದಲ್ಲಿ ಬರುವಂಥದ್ದು. ಅದಕ್ಕೇ ನನಗೆ ಓಮ್‌ಗಿಂತ ವೋಲ್ಟೇಜ್ ಡ್ರಾಪ್ ಪರೀಕ್ಷೆಯ ಮೇಲೆ ಭರವಸೆ ಹೆಚ್ಚು. ಸ್ಕ್ಯಾನರ್‌ನಿಂದ ಸೊಲೆನಾಯ್ಡ್ ಆನ್ ಮಾಡಿ, ಒಂದೇ ತಂತಿಯ ಎರಡು ತುದಿಗೆ ಮೀಟರಿನ ಕಡ್ಡಿಗಳನ್ನು ಇಡಿ. ಒಳ್ಳೆಯ ತಂತಿಯಲ್ಲಿ ಹೆಚ್ಚುಕಡಿಮೆ ಏನೂ ಕಾಣಬಾರದು. ಕಿಲುಬು ಹಿಡಿದ ಒಂದು ಪಿನ್ 5 ಓಮ್ ರೋಧ ಒಡ್ಡುತ್ತಿದ್ದರೆ, 20 ಓಮ್ ಕಾಯಿಲ್‌ಗೆ ಸೇರಬೇಕಾದ 12 ವೋಲ್ಟಿನಲ್ಲಿ 2.4 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಮೀಟರ್ ನೋಡುತ್ತಲೇ ವೈರಿಂಗನ್ನು ಕೈಯಿಂದ ಅಲ್ಲಾಡಿಸಿ. ಅಂಕಿ ಜಿಗಿದ ಜಾಗವೇ ದೋಷದ ಜಾಗ. ತಂತಿಯ ತೊಗಟೆಗೆ ಸೂಜಿ ಚುಚ್ಚಿ ಅಳೆಯುವ ಚಾಳಿ ಮಾತ್ರ ಬೇಡ. ಆ ತೂತಿನಿಂದ ನೀರಿಳಿದು, ಮುಂದಿನ ಮಳೆಗಾಲಕ್ಕೆ ಹೊಸ ದೋಷ ತಯಾರಾಗಿರುತ್ತದೆ.

ನಾನು ಓದಿದ ದೋಷಗಳಲ್ಲಿ ಅತಿ ಕುತೂಹಲದ್ದು ಮರ್ಸಿಡಿಸ್ 722.6ರದ್ದು. ಗೇರ್‌ಬಾಕ್ಸಿಗೆ ತಂತಿಗಳು ಹೋಗುವ ಕಡೆ 13 ಪಿನ್ನಿನ ಒಂದು ಪ್ಲಗ್ ಇದೆ. ವರ್ಷಗಳು ಕಳೆದಂತೆ ಅದರ ರಬ್ಬರ್ ರಿಂಗುಗಳು ಗಟ್ಟಿಯಾಗಿ, ಎಣ್ಣೆ ಜಿನುಗತೊಡಗುತ್ತದೆ. ಜಿನುಗಿದ ಎಣ್ಣೆ ಕೆಳಗೆ ತೊಟ್ಟಿಕ್ಕಿ ಮುಗಿಯುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರುವಂತೆ ತಂತಿಯ ಎಳೆಗಳ ಸಂದಿನಲ್ಲಿ ಮೇಲೇರಿ, ದೂರದಲ್ಲಿರುವ ಕಂಟ್ರೋಲ್ ಯೂನಿಟ್‌ನ ಕಪ್ಲರ್‌ವರೆಗೂ ತಲಪುತ್ತದೆ. ಅಲ್ಲಿಂದ ಬಗೆಬಗೆಯ ಕೋಡುಗಳು. ಮೂಲ ಕಾರಣವೋ ಒಂದು ಸಣ್ಣ ಪ್ಲಗ್ಗು.

ನಮ್ಮೂರ ಓದುಗರಿಗೆ ಒಂದು ಮಾತು. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿಯನ್ನೂ ನಾವು ಆಟೋಮ್ಯಾಟಿಕ್ ಎಂದೇ ಕರೆಯುತ್ತೇವೆ. ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರು ಹಾಕುವ ಕೆಲಸ ಯಂತ್ರದ್ದು. ಇಲ್ಲಿನ ಆನ್-ಆಫ್ ಪಟ್ಟಿ ಅದಕ್ಕೆ ಹೊಂದುವುದಿಲ್ಲ. ಟಾರ್ಕ್ ಕನ್ವರ್ಟರ್ ಇರುವ ಇನ್ನೋವಾ ಕ್ರಿಸ್ಟಾದಂಥ ಕಾರಿಗೂ ಅದರದೇ ಪಟ್ಟಿ, ಅದರದೇ ಓಮ್ ಲೆಕ್ಕ ಬೇರೆ ಇದೆ. ಸರ್ವಿಸ್ ಮ್ಯಾನ್ಯುಯಲ್ ನೋಡದೆ ಅಳೆಯಲು ಹೋಗಬಾರದು.

ಎಲ್ಲ ಪರೀಕ್ಷೆ ಮುಗಿದ ಮೇಲೆ ಇಗ್ನಿಷನ್ ಮಾತ್ರ ಆನ್ ಮಾಡಿ, ಇಂಜಿನ್ ಎಬ್ಬಿಸದೆ, ಸ್ಕ್ಯಾನರ್‌ನಿಂದ ಸೊಲೆನಾಯ್ಡನ್ನು ಆನ್-ಆಫ್ ಮಾಡುತ್ತಾ ಬಂಡಿಯಡಿ ಕಿವಿಗೊಟ್ಟರೆ 'ಟಕ್' ಎಂಬ ಸದ್ದು ಕೇಳಬೇಕು. ತಂತಿ ಸರಿ, ಕಾಯಿಲ್ ಸರಿ, ಸದ್ದೂ ಇದೆ, ಗೇರು ಮಾತ್ರ ಬರುತ್ತಿಲ್ಲ ಎಂದಾದರೆ ಮೀಟರ್ ಪೆಟ್ಟಿಗೆಗೆ ಹಾಕಿ. ಇನ್ನು ಕೆಳಗಿನ ಎಣ್ಣೆ ಪ್ಯಾನ್ ಬಿಚ್ಚಿ, ತಳದಲ್ಲಿ ಲೋಹದ ಪುಡಿ ಎಷ್ಟಿದೆ ಎಂದು ನೋಡುವ ಕೆಲಸ.