ಬಿಳಿ ಟೆರಿಯರ್ ಮತ್ತು ಡಬ್ಬಿ ಕಾಯಿ

ಬ್ಯಾಡಗಿಯ ಎಪಿಎಂಸಿ ಮೆಣಸಿನಕಾಯಿ ಮಾರುಕಟ್ಟೆಯ ಅಂಗಳಕ್ಕೆ ಹೊಸಬರು ಕಾಲಿಟ್ಟರೆ ಮೊದಲು ಬರುವುದು ಸೀನು. ಅಲ್ಲಿನ ಖರೀದಿದಾರನಿಗೆ ಅದರ ಪರಿವೆಯೇ ಇಲ್ಲ. ರಾಶಿಯೊಳಗೆ ಕೈಹಾಕಿ ಒಂದು ಕಾಯಿ ಎತ್ತುತ್ತಾನೆ, ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾನೆ, ಮುರಿದು ಒಳಮೈ ನೋಡುತ್ತಾನೆ, ಬೆರಳಿಗೆ ಹತ್ತಿದ ಬಣ್ಣವನ್ನು ಉಜ್ಜಿ ತೂಗುತ್ತಾನೆ. ದರಪಟ್ಟಿಯಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಎಂದು ಮೂರೇ ಸಾಲು. ರಾಶಿಗಳು ಮಾತ್ರ ಅಷ್ಟು ಸಲೀಸಾಗಿ ಮೂರು ಪಾಲಾಗುವುದಿಲ್ಲ. ಬ್ಯಾಡಗಿ ಕಾಯಿಯಂತೆಯೇ ಕಾಣುವ ಎಷ್ಟೋ ಮಾಲು 5531, 2043 ಎಂಬ ಅಂಕಿಗಳ ಹೆಸರಿನ ಹೈಬ್ರಿಡ್.

ಕನ್ನಡದಲ್ಲಿ ನಾಯಿಗೂ ತಳಿ, ಮೆಣಸಿನಕಾಯಿಗೂ ತಳಿ. ಹಾಗಾಗಿ ಇಲ್ಲಿಂದ ಇಂಗ್ಲೆಂಡಿನ ಒಂದು ನಾಯಿಯ ಹತ್ತಿರ ಹೋಗಿಬಂದರೆ ತಪ್ಪೇನಿಲ್ಲ.

ಟೆರಿಯರ್ ಅಂದರೆ ಬಿಲ ಕೆದಕಿ ಇಲಿ, ನರಿಗಳನ್ನು ಹೊರಗೆಳೆಯುವ ಪುಟ್ಟ ನಾಯಿ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಾಯಿ ಪ್ರದರ್ಶನಗಳ ಹುಚ್ಚು ಹತ್ತಿದಾಗ, ಅಪ್ಪಟ ಬಿಳಿಯ, ನುಣುಪು ಮೈಯ ಟೆರಿಯರ್ ಒಂದನ್ನು ಸಾಕಣೆದಾರರು ರೂಪಿಸಿದರು. ಇಂಗ್ಲಿಷ್ ವೈಟ್ ಟೆರಿಯರ್ ಎಂದು ಹೆಸರಾಯಿತು. ಬಿಲ ಕೆದಕುವ ಕೆಲಸ ಅದಕ್ಕೆ ಉಳಿಯಲಿಲ್ಲ, ಚೆಂದ ಕಾಣುವುದೇ ಕೆಲಸವಾಯಿತು. ಆ ಬಿಳುಪಿಗೆ ಬೆಲೆಯನ್ನೂ ತೆರಬೇಕಾಯಿತು. ಬಣ್ಣ ಕೊಡುವ ಜೀವಕೋಶಗಳು ಚರ್ಮದಲ್ಲಷ್ಟೇ ಅಲ್ಲ, ಒಳಗಿವಿಯಲ್ಲೂ ಬೇಕು. ಅಲ್ಲಿ ಅವು ಇಲ್ಲದಿದ್ದರೆ ನಾಯಿ ಕಿವುಡಾಗುತ್ತದೆ. ಈ ತಳಿಯಲ್ಲಿ ಕಿವುಡು ಸಾಮಾನ್ಯವಾಗಿತ್ತು, ಮೈಯೂ ನಾಜೂಕು. 1890ರ ದಶಕದಲ್ಲಿ ಅಲ್ಲಿನ ನಾಯಿ ತಳಿಗಳ ಸಂಸ್ಥೆ ಕೆನಲ್ ಕ್ಲಬ್ ಕಿವಿ ಕತ್ತರಿಸುವುದನ್ನು ನಿಷೇಧಿಸಿದ ಮೇಲೆ ಅದರ ಚೂಪು ಕಿವಿಯ ಠೀವಿಯೂ ಹೋಯಿತು. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ತಳಿಯೇ ಕಣ್ಮರೆ.

ಆದರೆ ಪೂರ್ತಿ ಅಳಿಯಿತೆ? ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಿಂಕ್ಸ್ ಬುಲ್ ಟೆರಿಯರ್ ತಳಿಯನ್ನು ಕಟ್ಟುವಾಗ ಇದರ ರಕ್ತವನ್ನು ಬೆರೆಸಿದ್ದ. ಅಮೆರಿಕದ ಬೋಸ್ಟನ್ ಟೆರಿಯರ್‌ನಲ್ಲೂ ಅದು ಹರಿಯುತ್ತಿದೆ. ರಕ್ತ ಉಳಿದಿದೆ, ಹೆಸರು ಹೋಗಿದೆ.

ಬ್ಯಾಡಗಿಯಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಇಲ್ಲಿ ಹೆಸರು ಗಟ್ಟಿಯಾಗಿದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಬ್ಯಾಡಗಿ ಕಾಯಿಯಲ್ಲಿ ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಕಡ್ಡಿ ಉದ್ದ, ಸಪೂರ. ಎರಡರ ಮೈಯೂ ಸುಕ್ಕು. ಖಾರ ಕಡಿಮೆ, ಬಣ್ಣ ಭರ್ತಿ. ಆ ಬಣ್ಣವನ್ನು ಓಲಿಯೋರೆಸಿನ್ ಎಂಬ ಸಾರವಾಗಿ ತೆಗೆದು ತಿನಿಸಿಗೂ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಬಿಸಿಬೇಳೆ ಬಾತು ತಿಂದವರು ಈ ಕಾಯಿಯನ್ನು ಹೆಸರು ಕೇಳದೆಯೇ ಬಲ್ಲರು.

ಹೆಸರು ಹೀಗಿದ್ದರೂ ಬ್ಯಾಡಗಿಯ ಹೊಲಗಳಲ್ಲೇ ಈ ಕಾಯಿ ಅಪರೂಪವಾಗುತ್ತಿದೆ. ಹಾವೇರಿ ಸುತ್ತ ಹೋದರೆ ಕಣ್ಣಿಗೆ ಬೀಳುವುದು ಗೋವಿನಜೋಳ, ಬಿಟಿ ಹತ್ತಿ. ಮಾಲು ಬರುವುದು ಬಹುಪಾಲು ಹೊರಗಿನಿಂದ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ. ಮಳೆಯಾಶ್ರಿತ ಎರೆಭೂಮಿಯಲ್ಲಿ ಉಳ್ಳಾಗಡ್ಡಿ, ಹತ್ತಿಯ ಜೊತೆ ಬೆಳೆಯುತ್ತಿದ್ದ ಡಬ್ಬಿಯ ಇಳುವರಿ ಕಡಿಮೆ. ಥ್ರಿಪ್ಸ್, ನುಸಿ ಬಿದ್ದು ಎಲೆ ಮುದುರಿದರೆ ಅದೂ ಇಲ್ಲ. ನೀರು, ಗೊಬ್ಬರ ಇದ್ದವನಿಗೆ ಹೈಬ್ರಿಡ್ ಹೆಚ್ಚು ಕಾಯಿ ಕೊಡುತ್ತದೆ. ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ.

ಹೈಬ್ರಿಡ್ ಬೀಜ ಹುಟ್ಟುವ ಊರೂ ದೂರವಿಲ್ಲ. ರಾಣೇಬೆನ್ನೂರು ಸುತ್ತಲಿನ ಹಳ್ಳಿಗಳು ತರಕಾರಿ ಬೀಜೋತ್ಪಾದನೆಗೆ ಹೆಸರಾದವು. ಹೆಂಗಸರು ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಕೇಸರ ಕಿತ್ತು, ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತಾರೆ. ಒಂದು ಹೂವಿಗೆ ಒಂದು ಸಲ, ದಿನಕ್ಕೆ ನೂರಾರು ಹೂವು. ಈ ಬೀಜ ಒಂದೇ ಬೆಳೆಗೆ. ಅದರ ಕಾಯಿಯಿಂದ ಬೀಜ ಹಿಡಿದು ಬಿತ್ತಿದರೆ ಮುಂದಿನ ವರ್ಷ ಗಿಡಕ್ಕೊಂದು ಬಗೆ.

ಹಳೆಯ ಡಬ್ಬಿಯಲ್ಲಿ ರೈತ ತನ್ನ ರಾಶಿಯಿಂದಲೇ ಬೀಜಕ್ಕೆ ಕಾಯಿ ಆರಿಸಬಹುದು. ತೊಡಕು ಜೇನಿನದು. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ಆದರೆ ಪಕ್ಕದ ಹೊಲದ ಪರಾಗ ಬಂದರೆ ಬೇಡ ಎನ್ನುವುದಿಲ್ಲ. ಆ ವರ್ಷದ ಕಾಯಿಯಲ್ಲಿ ವ್ಯತ್ಯಾಸ ಕಾಣದು. ಬೆರಕೆ ತೋರುವುದು ಬೀಜ ಬಿತ್ತಿದ ಮೇಲೆ. ಅದಕ್ಕೇ ಬೀಜ ಪ್ರಮಾಣೀಕರಣದ ನಿಯಮದಂತೆ ಮೆಣಸಿನಕಾಯಿಯ ಮೂಲಬೀಜದ ಹೊಲಕ್ಕೂ ಬೇರೆ ತಳಿಯ ಹೊಲಕ್ಕೂ ನಡುವೆ 400 ಮೀಟರ್ ಅಂತರವಿರಬೇಕು. ಎರಡು ಎಕರೆಯ ಚೌಕ ಹೊಲದ ಒಂದು ಬದಿ 90 ಮೀಟರ್. ಒಡ್ಡಿನಾಚೆ 5531.