ಸಾಲ ಕೊಡೋರು ಮೊದಲೇ ರೊಕ್ಕ ಕೇಳಿದರೆ ಹುಷಾರ್!

ವಿಜಯಪುರ: ‘ಸರ್, ನಿಮ್ಮ ಲೋನ್ ಮಂಜೂರಾಗೇದ್ರಿ. ಫೈಲ್ ಚಾರ್ಜ್ ಹಾಕಿದ್ರ ಸಂಜೀಕ ಅಕೌಂಟಿಗೆ ಜಮಾ ಆಗ್ತದ್ರಿ.’ ಇಂಥ ಕರೆ ಬಂದರೆ ಫೋನ್ ಇಟ್ಟುಬಿಡುವುದೇ ಒಳ್ಳೆಯದು. ನಕಲಿ ಫೈನಾನ್ಸ್ ಕಂಪನಿಗಳ ಮುಂಗಡ ಶುಲ್ಕ ವಂಚನೆ ಶುರುವಾಗುವುದೇ ಹೀಗೆ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಚಾಟನಿ ಹೊತ್ತಿಗೆ ಗೊಬ್ಬರ, ಔಷಧಕ್ಕೆ ರೊಕ್ಕ ಬೇಕು. ನಗರದ ಅಂಗಡಿಕಾರರಿಗೆ ದೀಪಾವಳಿ ಮುಂಚೆ ಮಾಲು ತುಂಬಬೇಕು. ಬ್ಯಾಂಕಿಗೆ ಅಲೆದು ಸಾಕಾದವರಿಗೆ ‘ಜಾಮೀನು ಬೇಡ, ಸಿಬಿಲ್ ನೋಡಂಗಿಲ್ಲ’ ಎಂಬ ಮಾತು ಸಿಹಿಯಾಗಿಯೇ ಕೇಳುತ್ತದೆ.

ಮೋಸ ನಡೆಯುವುದು ಹೇಗೆ?

ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಆಧಾರ್, ಪ್ಯಾನ್, ಪಾಸ್‌ಬುಕ್ ಫೋಟೊ ಕೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸೀಲು, ಸಹಿ ಇರುವ ಮಂಜೂರಾತಿ ಪತ್ರ ಬರುತ್ತದೆ. ಆಮೇಲೆ ಫೈಲ್ ಚಾರ್ಜ್, ಅದು ಮುಗಿದರೆ ವಿಮೆ, ನಂತರ ಜಿಎಸ್‌ಟಿ, ಕೊನೆಗೆ ಎನ್‌ಒಸಿ. ಪ್ರತಿ ಸಲ ಕೇಳುವುದು ಸಣ್ಣ ಮೊತ್ತ. ‘ಇಷ್ಟು ಕೊಟ್ಟಾಗೇದ, ಇನ್ನೊಂದು ಸಲ ಕೊಟ್ಟರ ಸಾಲ ಬರ್ತದ’ ಎಂಬ ಆಸೆಯಲ್ಲಿ ಸಾವಿರಗಳು ಲಕ್ಷ ಮುಟ್ಟುತ್ತವೆ.

ಸರ್ಕಾರಿ ಯೋಜನೆಗಳ ಹೆಸರನ್ನೂ ಇವರು ಬಿಟ್ಟಿಲ್ಲ. 4,500 ರೂಪಾಯಿ ಕಟ್ಟಿದರೆ ಮುದ್ರಾ ಯೋಜನೆಯಡಿ 10 ಲಕ್ಷ ರೂಪಾಯಿ ಸಾಲ ಎಂಬ ಪತ್ರವೊಂದು ಹರಿದಾಡಿತ್ತು. ಅದು ನಕಲಿ ಎಂದು ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಸ್ಪಷ್ಟಪಡಿಸಿತು. ಮುದ್ರಾ ಸಂಸ್ಥೆ ಜನರಿಗೆ ನೇರವಾಗಿ ಸಾಲ ಕೊಡುವುದಿಲ್ಲ, ಏಜೆಂಟರನ್ನೂ ಇಟ್ಟಿಲ್ಲ. ಸಾಲ ಸಿಗುವುದು ಬ್ಯಾಂಕ್, ನೋಂದಾಯಿತ ಹಣಕಾಸು ಸಂಸ್ಥೆಗಳ ಮೂಲಕವೇ.

ಅಸಲಿ, ನಕಲಿ ಗುರುತಿಸುವುದು ಹೇಗೆ?

* ಅಸಲಿ ಸಂಸ್ಥೆಗಳೂ ಸಂಸ್ಕರಣಾ ಶುಲ್ಕ ಪಡೆಯುತ್ತವೆ. ಆದರೆ ಬಡ್ಡಿ, ಶುಲ್ಕ ಎಲ್ಲವನ್ನೂ ಸಾಲದ ಮುಖ್ಯಾಂಶ ಪತ್ರದಲ್ಲಿ ಬರೆದುಕೊಡಬೇಕು. ವ್ಯಕ್ತಿಯೊಬ್ಬರ ಫೋನ್‌ಪೇ, ಗೂಗಲ್‌ಪೇ ನಂಬರಿಗೆ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ.
* ಆ್ಯಪ್ ಮೂಲಕ ಸಾಲ ಕೊಡಿಸುವ ಮಧ್ಯವರ್ತಿಯ ಶುಲ್ಕವನ್ನು ಸಾಲ ಕೊಡುವ ಸಂಸ್ಥೆಯೇ ಭರಿಸಬೇಕು, ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ. 2022ರಿಂದಲೂ ರಿಸರ್ವ್ ಬ್ಯಾಂಕ್ ನಿಯಮ ಇದೇ.
* ಸಾಲದ ಮೊತ್ತಕ್ಕೆ ಜಿಎಸ್‌ಟಿ ಇಲ್ಲ. ‘ಲೋನ್ ಮ್ಯಾಲೆ ಜಿಎಸ್‌ಟಿ ಕಟ್ರಿ’ ಎಂದರೆ ಅದು ಸುಳ್ಳು.
* ಕಂಪನಿಯ ಹೆಸರು ರಿಸರ್ವ್ ಬ್ಯಾಂಕ್ ಪಟ್ಟಿಯಲ್ಲಿದೆಯೇ ಎಂದು ‘ಸಚೇತ್’ ಪೋರ್ಟಲ್‌ನಲ್ಲಿ ನೋಡಬಹುದು. ಅಷ್ಟಕ್ಕೇ ನಂಬಬೇಡಿ. ಅಸಲಿ ಕಂಪನಿಯ ಹೆಸರು, ಲೋಗೊ ಕದ್ದು ಬಳಸುವವರೂ ಇದ್ದಾರೆ. ಅದರ ಶಾಖೆಗೆ ನೀವೇ ಹೋಗಿ ವಿಚಾರಿಸಿ.

ಅಂಗಡಿಕಾರರೇ, ಗಮನಿಸಿ

‘ನಿಮ್ಮ ಕ್ಯೂಆರ್‌ಗೆ ರೊಕ್ಕ ಹಾಕಸ್ತೀವಿ, ಕಮಿಷನ್ ಇಟ್ಕೊಂಡು ನಗದು ಕೊಡ್ರಿ’ ಎಂದು ಯಾರಾದರೂ ಕೇಳಿದರೆ ಒಪ್ಪಬೇಡಿ. ಅದು ವಂಚನೆಯ ಹಣವಾಗಿದ್ದರೆ ನಿಮ್ಮ ಖಾತೆಯೇ ಸ್ಥಗಿತವಾಗಬಹುದು, ಠಾಣೆಗೂ ಅಲೆಯಬೇಕಾದೀತು.

ರೊಕ್ಕ ಹೋದರೆ?

ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ವಂಚಕರು ತೆಗೆಯುವ ಮೊದಲೇ ಹಣ ತಡೆಹಿಡಿಯಲು ಸಾಧ್ಯವಾಗಬಹುದು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್, ವಿಜಯಪುರದ ಸಿಇಎನ್ ಪೊಲೀಸ್ ಠಾಣೆ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಯುಟಿಆರ್ ನಂಬರ್, ಚಾಟ್, ಕರೆ ಬಂದ ನಂಬರ್, ಮಂಜೂರಾತಿ ಪತ್ರ ಯಾವುದನ್ನೂ ಅಳಿಸಬೇಡಿ.

ದೂರು ಕೊಟ್ಟ ಮೇಲೂ ಎಚ್ಚರ ಇರಲಿ. ‘ಹೋದ ರೊಕ್ಕ ವಾಪಸ್ ಕೊಡಸ್ತೀವಿ, ಮೊದಲು ಫೀಸ್ ಕಟ್ರಿ’ ಎಂಬ ಕರೆ ಬರಬಹುದು. ಅದೂ ಇದೇ ಮೋಸದ ಎರಡನೇ ಕಂತು.